ಉಂಗುರ ಎಸೆದ ಆಯೇಷಾ

ಅಕ್ಕಂದಿರೇ, ತಂಗಿಯರೇ, ಒಂದು ಕಥೆ ಕೇಳಿ.

ರಾತ್ರಿ ಹೊತ್ತು. ಜೋರು ಗಾಳಿ, ಮಳೆ. ರಾಜಕುಮಾರ ಜಗತ್ ಸಿಂಹ ಶಿವನ ಗುಡಿಗೆ ಬರುತ್ತಾನೆ. ಒಳಗೆ ಇಬ್ಬರು ಹೆಂಗಸರು. ‘ನೀವು ಯಾರು?’ ಅಂದರೆ ಹೇಳೋದಿಲ್ಲ!

ಇದು ‘ದುರ್ಗೇಶನಂದಿನಿ’ ಕಾದಂಬರಿ. ಬಂಗಾಳದ ಬಂಕಿಮಚಂದ್ರರು ಬರೆದದ್ದು. 1865ರಲ್ಲಿ ಬಂತು. ಬಿ. ವೆಂಕಟಾಚಾರ್ಯರು ಕನ್ನಡಕ್ಕೆ ತಂದರು.

ಅಕ್ಬರನ ಕಾಲ. ಮೊಗಲರಿಗೂ ಪಠಾಣರಿಗೂ ಯುದ್ಧ. ಮೊಗಲರ ಕಡೆಯ ಜಗತ್ ಸಿಂಹ ಗಾಯಗೊಂಡು ಸೆರೆ ಸಿಕ್ಕುತ್ತಾನೆ. ಪಠಾಣ ದೊರೆಯ ಮಗಳು ಆಯೇಷಾ ಅವನ ಆರೈಕೆ ಮಾಡುತ್ತಾಳೆ. ಅವನ ಮೇಲೆ ಮನಸ್ಸಾಗುತ್ತದೆ. ಅವನು ಶತ್ರು. ಆದರೂ ಅವಳು ಮುಚ್ಚಿಡೋದಿಲ್ಲ. ತನ್ನನ್ನು ಬಯಸಿದ್ದ ಉಸ್ಮಾನನ ಎದುರಿಗೇ ಹೇಳಿಬಿಡುತ್ತಾಳೆ.

ಜಗತ್ ಸಿಂಹನಿಗೋ ಗುಡಿಯಲ್ಲಿ ಕಂಡ ತಿಲೋತ್ತಮೆಯೇ ಬೇಕು. ಅವರ ಮದುವೆಗೆ ಆಯೇಷಾ ಹೋಗುತ್ತಾಳೆ. ಮದುಮಗಳಿಗೆ ಒಡವೆ ತೊಡಿಸುತ್ತಾಳೆ. ಅವಳ ಉಂಗುರದಲ್ಲಿ ವಿಷ ಇದೆ. ಸಾಯಲೇ, ಬದುಕಲೇ? ಯೋಚಿಸುತ್ತಾಳೆ. ಉಂಗುರವನ್ನು ಕೋಟೆಯ ಕಂದಕದ ನೀರಿಗೆ ಎಸೆಯುತ್ತಾಳೆ!

ಅಕ್ಬರ, ಜಗತ್ ಸಿಂಹ ನಿಜವಾಗಿ ಇದ್ದವರು. ಆಯೇಷಾ ಬರೀ ಕಲ್ಪನೆ. ಆದರೆ ಅವಳ ದುಃಖ, ಅವಳ ಧೈರ್ಯ ನಮಗೆ ಗೊತ್ತಿರೋದೇ ಅಲ್ವಾ?

ಗುಡಿಯಲ್ಲಿದ್ದ ಇನ್ನೊಬ್ಬಳು ವಿಮಲೆ. ಅವಳದೊಂದು ಗುಟ್ಟಿದೆ. ಅದನ್ನು ನಾವು ಹೇಳೋದಿಲ್ಲ. ನೀವೇ ಓದಿ ತಿಳಿಯಿರಿ. ಈಗ ನಿಮಗೆ ಓದು ಬರುತ್ತದಲ್ಲ!

ಯೋಚಿಸಿ, ಹೇಳಿ:
1. ಆಯೇಷಾ ಉಂಗುರವನ್ನು ಏಕೆ ಎಸೆದಳು?
2. ಅವಳ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ?