ಆಂಟೆನಾದ ಗಳಿಕೆಯೂ ಗದ್ದಲವೂ

ಸಂತೆಯ ಗದ್ದಲದಲ್ಲಿ ದೂರದ ಗೆಳೆಯನನ್ನು ಕರೆಯುವವನು ಎರಡು ಕೈಗಳನ್ನೂ ಬಾಯಿಯ ಸುತ್ತ ಹಿಡಿದು ಕೂಗುತ್ತಾನೆ. ಕೇಳುವವನು ಅಂಗೈಯನ್ನು ಬಾಗಿಸಿ ಕಿವಿಯ ಹಿಂದೆ ಹಿಡಿಯುತ್ತಾನೆ. ಇಬ್ಬರೂ ಹೊಸ ಶಕ್ತಿಯನ್ನೇನೂ ಸೃಷ್ಟಿಸಲಿಲ್ಲ. ದಿಕ್ಕೊಂದನ್ನು ಆರಿಸಿಕೊಂಡರು, ಅಷ್ಟೆ. ಹವ್ಯಾಸಿಯ ರೇಡಿಯೊ ನಿಲಯದಲ್ಲಿ ಈ ಎರಡು ಕಾರ್ಯಗಳನ್ನೂ ನಡೆಸುವುದು ಆಂಟೆನಾ. ಆದರೆ ಕೂಗುವಾಗ ಅದರಿಂದ ದೊರೆಯುವ ಪ್ರಯೋಜನಕ್ಕೂ ಕೇಳುವಾಗ ದೊರೆಯುವ ಪ್ರಯೋಜನಕ್ಕೂ ಒಂದು ವ್ಯತ್ಯಾಸವುಂಟು. ಅದನ್ನು ಇಲ್ಲಿ ವಿಚಾರಿಸೋಣ.

ಮೊದಲು ಪ್ರೇಷಣೆಯನ್ನು ತೆಗೆದುಕೊಳ್ಳೋಣ. ಎಲ್ಲ ದಿಕ್ಕುಗಳಿಗೂ ಶಕ್ತಿಯನ್ನು ಸಮನಾಗಿ ಹರಡುವ ಆಂಟೆನಾವೊಂದನ್ನು ಊಹಿಸಿಕೊಳ್ಳಿ. ಅದಕ್ಕೆ ಹೋಲಿಸಿದರೆ, ಬೇಕಾದ ದಿಕ್ಕಿಗೆ ೧೦ ಪಟ್ಟು ಶಕ್ತಿಯನ್ನು ಕಳುಹಿಸುವ ಆಂಟೆನಾದ ಗಳಿಕೆ ೧೦ ಡೆಸಿಬೆಲ್ ಎನ್ನುತ್ತೇವೆ. ಆಗ ೧೦೦ ವಾಟಿನ ಪ್ರೇಷಕವು ಆ ದಿಕ್ಕಿನಲ್ಲಿರುವವರಿಗೆ ೧,೦೦೦ ವಾಟಿನ ಪ್ರೇಷಕದಂತೆ ಕೇಳಿಸುತ್ತದೆ. ಉಳಿದ ದಿಕ್ಕುಗಳ ಪಾಲು ಅದಕ್ಕೆ ತಕ್ಕಂತೆ ಕುಗ್ಗುತ್ತದೆ.

ಗ್ರಹಣದಲ್ಲಿಯೂ ಆಂಟೆನಾದ ಗಳಿಕೆ ಅಷ್ಟೇ ಇರುತ್ತದೆ; ಲೆಕ್ಕ ಮಾತ್ರ ಬೇರೆ. ಗ್ರಾಹಕಕ್ಕೆ ಸಂಕೇತವೊಂದೇ ಬರುವುದಿಲ್ಲ. ಮಿಂಚಿನ, ವಿದ್ಯುತ್ ಯಂತ್ರಗಳ, ಆಕಾಶಗಂಗೆಯ ಗದ್ದಲವೂ ಜೊತೆಗೂಡಿ ಬರುತ್ತದೆ. ವರ್ಧಕವು ಭೇದವೆಣಿಸದೆ ಎರಡನ್ನೂ ಹಿಗ್ಗಿಸುತ್ತದೆ. ಆದ್ದರಿಂದ ಮಾತು ತಿಳಿಯುವುದೂ ತಿಳಿಯದಿರುವುದೂ ಸಂಕೇತಕ್ಕೂ ಗದ್ದಲಕ್ಕೂ ಇರುವ ಪ್ರಮಾಣವನ್ನು ಅವಲಂಬಿಸಿದೆ.

೧೯೨೧ರ ಪ್ರಯೋಗವೊಂದು ಇದಕ್ಕೆ ಒಳ್ಳೆಯ ನಿದರ್ಶನ. ಅಮೆರಿಕದ ಹವ್ಯಾಸಿಗಳು ೨೦೦ ಮೀಟರಿನ ಆಸುಪಾಸಿನ ತರಂಗಗಳಲ್ಲಿ ಕಳುಹಿಸುವ ಸಂಕೇತಗಳು ಅಟ್ಲಾಂಟಿಕ್ ಸಾಗರವನ್ನು ದಾಟಬಲ್ಲವೆ ಎಂಬುದು ಅಂದಿನ ಪ್ರಶ್ನೆ. ಆ ಡಿಸೆಂಬರಿನಲ್ಲಿ ಪಾಲ್ ಗಾಡ್ಲಿ ಎಂಬ ಅಮೆರಿಕದ ಹವ್ಯಾಸಿ ಸ್ಕಾಟ್ಲೆಂಡಿನ ಆರ್ಡ್ರಾಸನ್ನಿನಲ್ಲಿ ಗುಡಾರ ಹೂಡಿದರು. ಸುಮಾರು ೪೦೦ ಮೀಟರ್ ಉದ್ದದ ತಂತಿಯನ್ನು ನೆಲದಿಂದ ಕೆಲವೇ ಅಡಿ ಎತ್ತರದಲ್ಲಿ, ಅಮೆರಿಕದ ದಿಕ್ಕಿಗೆ ಚಾಚುವಂತೆ ಕಟ್ಟಿಸಿದರು. ಹೆರಾಲ್ಡ್ ಬೆವರೇಜ್ ರೂಪಿಸಿದ ಈ ಆಂಟೆನಾ ಪ್ರೇಷಣೆಗೆ ತಕ್ಕುದಲ್ಲ. ಕೊಟ್ಟ ಶಕ್ತಿಯಲ್ಲಿ ಬಹುಪಾಲು ನೆಲದ ಪಾಲಾಗುತ್ತದೆ. ಆದರೂ ಗಾಡ್ಲಿ ಅದರಿಂದ ಎರಡು ಡಜನ್ನಿಗೂ ಮಿಕ್ಕಿದ ಅಮೆರಿಕದ ನಿಲಯಗಳನ್ನು ಕೇಳಿದರು. ಇದು ಹೇಗೆ ಸಾಧ್ಯವಾಯಿತು? ನೆಲದಲ್ಲಾದ ನಷ್ಟವು ಸಂಕೇತವನ್ನೂ ಗದ್ದಲವನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸಿತು. ಆ ಕೊರತೆಯನ್ನು ವರ್ಧಕ ತುಂಬಿತು. ಬೇರೆ ದಿಕ್ಕುಗಳ ಗದ್ದಲವನ್ನಾದರೋ ಆಂಟೆನಾ ಬಹುಮಟ್ಟಿಗೆ ಒಳಗೇ ಬಿಡಲಿಲ್ಲ.

ಈ ಉಪಾಯಕ್ಕೂ ಒಂದು ಮಿತಿಯುಂಟು. ಎಲೆಕ್ಟ್ರಾನುಗಳ ಉಷ್ಣಚಲನೆಯಿಂದ ಗ್ರಾಹಕದೊಳಗೇ ಗದ್ದಲ ಹುಟ್ಟುತ್ತದೆ. ಜಾನ್ಸನ್ನರು ಅಳೆದ ಈ ಗದ್ದಲಕ್ಕೆ ನೈಕ್ವಿಸ್ಟರು ನೀಡಿದ ವಿವರಣೆ ೧೯೨೮ರಲ್ಲಿ ಪ್ರಕಟವಾಯಿತು. ೧೭ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಮಾತಿಗೆ ಸಾಕಾಗುವ ೨,೫೦೦ ಹರ್ಟ್ಸ್ ಅಗಲದ ಪಟ್ಟಿಯಲ್ಲಿ, ಇದು ಒಂದು ವಾಟಿನ ಸಾವಿರ ಕೋಟಿ ಕೋಟಿಯಲ್ಲೊಂದು ಭಾಗದಷ್ಟಿರುತ್ತದೆ. ೩೦ ಮೆಗಾಹರ್ಟ್ಸಿನ ಕೆಳಗೆ ಹೊರಗಿನ ಗದ್ದಲವು ಸಾಮಾನ್ಯವಾಗಿ ಇದನ್ನು ಮುಳುಗಿಸಿಬಿಡುತ್ತದೆ. ೪೦೦ ಮೆಗಾಹರ್ಟ್ಸನ್ನು ಮೀರಿದ ಮೇಲೆ ಹೊರಗಿನದು ಇಳಿದು ಒಳಗಿನದೇ ಮುಖ್ಯವಾಗುತ್ತದೆ. ಅಲ್ಲಿ ಬೆವರೇಜರಂಥ ನಷ್ಟದ ಆಂಟೆನಾ ಸಲ್ಲದು. ನಿಜವಾದ ಗಳಿಕೆ ಬೇಕು, ಆಂಟೆನಾದ ಬಳಿಯಲ್ಲಿಯೇ ಕಡಿಮೆ ಗದ್ದಲದ ವರ್ಧಕವೂ ಬೇಕು.

ತಮ್ಮ ಗ್ರಾಹಕದ ಸ್ಥಿತಿಯನ್ನು ವಾಚಕರು ತಾವೇ ಪರೀಕ್ಷಿಸಬಹುದು. ಯಾವ ನಿಲಯವೂ ಇಲ್ಲದೆಡೆಗೆ ಗ್ರಾಹಕವನ್ನು ತಿರುಗಿಸಿ, ಆಂಟೆನಾದ ತಂತಿಯನ್ನು ಕಳಚಬೇಕು. ಗದ್ದಲ ಸ್ಪಷ್ಟವಾಗಿ ತಗ್ಗಿದರೆ ಅದು ಹೊರಗಿನದು. ಮತ್ತೊಂದು ವರ್ಧಕ ಕೊಳ್ಳುವುದು ದಂಡ. ಆಂಟೆನಾದ ದಿಕ್ಕನ್ನು ಬದಲಿಸಬೇಕು, ಇಲ್ಲವೆ ಅದನ್ನು ಮನೆಯ ಎಲ್‌ಇಡಿ ದೀಪ, ಚಾರ್ಜರುಗಳಿಂದ ದೂರ ಸರಿಸಬೇಕು. ಗದ್ದಲ ತಗ್ಗದಿದ್ದರೆ ಗ್ರಾಹಕದ ಮೊದಲ ವರ್ಧಕವನ್ನೋ ಆಂಟೆನಾವನ್ನೋ ಉತ್ತಮಪಡಿಸಬೇಕು.

ಪ್ರವಾಹ, ಚಂಡಮಾರುತಗಳ ವೇಳೆ ದೂರದ ಹವ್ಯಾಸಿಯೊಬ್ಬರು ಸಣ್ಣ ಬ್ಯಾಟರಿಯಿಂದ ನೆರವಿಗಾಗಿ ಕರೆಯುತ್ತಿರಬಹುದು. ಅವರ ಪ್ರೇಷಕದ ಬಲವನ್ನು ನಾವು ಹೆಚ್ಚಿಸಲಾರೆವು; ನಮ್ಮ ಕಡೆಯ ಗದ್ದಲವನ್ನು ತಗ್ಗಿಸಬಲ್ಲೆವು.