ಪವರ್ ಆಫ್ ಸೇಲ್ ಮನೆ: ಕೊಳ್ಳುವವರಿಗೂ ಕಂತು ಕಟ್ಟುವವರಿಗೂ

ಕೆಲವು ವರ್ಷಗಳ ಹಿಂದೆ ನಾವು ಬ್ರಾಂಪ್ಟನ್ನಿನಲ್ಲಿ ಮನೆ ಹುಡುಕುತ್ತಿದ್ದಾಗ ಪರಿಚಯದವರೊಬ್ಬರು ಫೋನ್ ಮಾಡಿ, "ಬ್ಯಾಂಕಿನವರು ಮಾರುತ್ತಿರುವ ಮನೆ ಇದೆ ನೋಡಿ, ಅರ್ಧ ಬೆಲೆಗೆ ಬಿಟ್ಟುಬಿಡ್ತಾರೆ" ಎಂದರು. ಆ ಶನಿವಾರವೇ ಮಕ್ಕಳನ್ನು ಕರೆದುಕೊಂಡು ಓಡಿದೆವು. ಬೆಲೆ ಅರ್ಧವಾಗುವುದಿರಲಿ, ಪಕ್ಕದ ಬೀದಿಯ ಮನೆಗಿಂತ ಹೆಚ್ಚೇನೂ ಕಡಿಮೆ ಇರಲಿಲ್ಲ. ಅಡಿಗೆಮನೆಯಲ್ಲಿ ಸ್ಟೋವ್ ಇಲ್ಲ, ಫ್ರಿಜ್ ಇಲ್ಲ. ಬೇಸ್‌ಮೆಂಟ್ ಗೋಡೆಯ ಮೇಲೆ ನೀರು ನಿಂತ ಗುರುತು. ಮನೆ ಕೊಳ್ಳಲಿಲ್ಲ, ಆದರೆ ಆ ನೆಪದಲ್ಲಿ ಒಂಟಾರಿಯೋದ ಮಾರ್ಟ್‌ಗೇಜಸ್ ಆ್ಯಕ್ಟ್ ಓದಿದೆವು. ನಾವು ವಕೀಲರಲ್ಲ, ಕೋಡ್ ಬರೆದು ಹೊಟ್ಟೆ ಹೊರೆಯುವವರು. ಇಲ್ಲಿರುವುದು ಓದಿ ತಿಳಿದದ್ದು. ಸಹಿ ಹಾಕುವ ಮೊದಲು ನಿಮ್ಮ ಲಾಯರನ್ನು ಕೇಳಲೇಬೇಕು.

2008ರಲ್ಲಿ ಅಮೆರಿಕದ ಟಿವಿ ನೋಡಿ ನಾವೆಲ್ಲ 'ಫೋರ್‌ಕ್ಲೋಷರ್' ಎಂಬ ಪದ ಕಲಿತೆವು. ಒಂಟಾರಿಯೋದಲ್ಲಿ ಸಾಲ ಕೊಟ್ಟವರು ಸಾಮಾನ್ಯವಾಗಿ ಹಿಡಿಯುವ ದಾರಿ ಅದಲ್ಲ, ಪವರ್ ಆಫ್ ಸೇಲ್. ಫೋರ್‌ಕ್ಲೋಷರ್‌ನಲ್ಲಿ ನ್ಯಾಯಾಲಯದ ಆದೇಶದಿಂದ ಮನೆಯೇ ಸಾಲಗಾರನ ಕೈಬಿಟ್ಟು ಬ್ಯಾಂಕಿನದಾಗುತ್ತದೆ. ಆಮೇಲೆ ಲಾಭವಾದರೂ ನಷ್ಟವಾದರೂ ಬ್ಯಾಂಕಿನದೇ. ಪವರ್ ಆಫ್ ಸೇಲ್‌ನಲ್ಲಿ ಬ್ಯಾಂಕ್ ಮನೆಯ ಒಡೆಯನಾಗುವುದಿಲ್ಲ, ಮಾರುವ ಅಧಿಕಾರವನ್ನಷ್ಟೇ ಬಳಸುತ್ತದೆ. ಒಂದು ಲೆಕ್ಕ ನೋಡಿ. ಸಾಲ 7,00,000 ಡಾಲರ್, ಖರ್ಚು 40,000. ಮನೆ 9,00,000ಕ್ಕೆ ಹೋದರೆ ಉಳಿದ 1,60,000ದಲ್ಲಿ ಎರಡನೆಯ ಮಾರ್ಟ್‌ಗೇಜ್ ಮೊದಲಾದ ಸಾಲ ತೀರಿಸಿ ಮಿಕ್ಕದ್ದನ್ನು ಮನೆಯವರಿಗೇ ಕೊಡಬೇಕು. 6,50,000ಕ್ಕೆ ಹೋದರೆ ಕೊರತೆಯ 90,000ಕ್ಕೆ ಅವರ ಮೇಲೆ ದಾವೆ ಹೂಡಬಹುದು. ಮನೆಯೂ ಹೋಯಿತು, ಸಾಲವೂ ಉಳಿಯಿತು.

ಅರ್ಧ ಬೆಲೆಯ ಮಾತು ಸುಳ್ಳಾಗುವುದೂ ಇದರಿಂದಲೇ. ನ್ಯಾಯವಾದ ಮಾರುಕಟ್ಟೆ ಬೆಲೆ ಬರುವಂತೆ ಎಚ್ಚರ ವಹಿಸುವುದು ಮಾರುವವರ ಕರ್ತವ್ಯ. ಅಗ್ಗಕ್ಕೆ ಕೊಟ್ಟುಬಿಟ್ಟರೆ ಹಳೆಯ ಮಾಲೀಕರು ಅವರನ್ನೇ ಕೋರ್ಟಿಗೆ ಎಳೆಯಬಹುದು. ಇಷ್ಟಾದರೂ ಕೊಳ್ಳುವುದಾದರೆ, ಮನೆಯನ್ನು 'ಇದ್ದ ಹಾಗೆ' ಮಾರುತ್ತಾರೆ ಎಂಬುದನ್ನು ಮರೆಯಬೇಡಿ. ಫರ್ನೆಸ್ ಕೆಟ್ಟಿದೆ, ಚಾವಣಿ ಸೋರುತ್ತದೆ ಎಂದು ಆಮೇಲೆ ಹೇಳಿದರೆ ಕೇಳುವವರಿಲ್ಲ. ಫ್ರಿಜ್, ವಾಷರ್ ಬ್ಯಾಂಕಿನ ಸ್ವತ್ತಲ್ಲವಾದ್ದರಿಂದ ಅವುಗಳ ಬಗ್ಗೆ ಮಾತು ಕೊಡುವುದಿಲ್ಲ. ಹಳೆಯ ಮಾಲೀಕರು ಕ್ಲೋಸಿಂಗ್ ಒಳಗೆ ಸಾಲ ತೀರಿಸಿದರೆ ವ್ಯವಹಾರ ರದ್ದು ಎಂಬ ಷರತ್ತನ್ನೂ ಒಪ್ಪಂದದಲ್ಲಿ ಸಾಮಾನ್ಯವಾಗಿ ಸೇರಿಸಿರುತ್ತಾರೆ. ಇನ್ಸ್‌ಪೆಕ್ಷನ್ನಿಗೆ ಕೊಟ್ಟ ದುಡ್ಡು ಆಗ ನೀರಿನಲ್ಲಿ ಹೋಮ. ಒಳಗೆ ಬಾಡಿಗೆಯವರಿದ್ದಾರೆಯೇ ಎಂದು ಮೊದಲೇ ಕೇಳಿ; ಮನೆ ಕೈಬದಲಾಯಿತೆಂದು ಅವರ ಹಕ್ಕು ಹೋಗುವುದಿಲ್ಲ.

ಇನ್ನು ಕಂತು ಕಟ್ಟಲಾಗದ ಮನೆಯವರ ಮಾತು. ಇದನ್ನು ನಮ್ಮವರು ನಾಚಿಕೆಯಿಂದ ಬಾಯಿಬಿಟ್ಟು ಆಡುವುದಿಲ್ಲ. ಬ್ಯಾಂಕ್ ಆಫ್ ಕೆನಡಾ ಬಡ್ಡಿದರ 2022ರ ಆರಂಭದಲ್ಲಿ ಶೇಕಡಾ 0.25 ಇದ್ದದ್ದು 2023ರ ಜುಲೈ ಹೊತ್ತಿಗೆ 5ಕ್ಕೆ ಏರಿದಾಗ ವೇರಿಯಬಲ್ ದರ ಹಿಡಿದವರು ಪಟ್ಟ ಪಾಡು ಎಲ್ಲರಿಗೂ ಗೊತ್ತು. ಸಾಲದ ಪತ್ರದಲ್ಲಿರುವ ಅಧಿಕಾರದಂತೆ ಮಾರಬೇಕಾದರೆ, ಕಂತು ತಪ್ಪಿ ಕನಿಷ್ಠ 15 ದಿನ ಕಳೆದ ಮೇಲೆಯೇ ನೋಟಿಸ್ ಕೊಡಬಹುದು. ಅಲ್ಲಿಂದ ಕನಿಷ್ಠ 35 ದಿನ ಕಾಯಬೇಕು. ನೋಟಿಸಿನ ಆ ಗಡುವು ಮುಗಿಯುವವರೆಗೆ, ನ್ಯಾಯಾಲಯದ ಅನುಮತಿ ಇಲ್ಲದೆ, ಮಾರಾಟದ ಮುಂದಿನ ಹೆಜ್ಜೆ ಇಡುವಂತಿಲ್ಲ. ಮುಖ್ಯವಾದದ್ದು ಕಾಯ್ದೆಯ 22ನೆಯ ಕಲಮು: ಮಾರಾಟಕ್ಕೆ ಮೊದಲು, ಅಥವಾ ದಾವೆ ಹೂಡುವ ಮೊದಲು, ಪೂರ್ತಿ ಸಾಲ ಕಟ್ಟಬೇಕಿಲ್ಲ, ತಪ್ಪಿದ ಕಂತು ಮತ್ತು ಅವರಿಗೆ ಆದ ಅಗತ್ಯ ಖರ್ಚು ಕಟ್ಟಿದರೆ ಸಾಲ ಮೊದಲಿನ ದಾರಿಗೆ ಬರುತ್ತದೆ. ಮನೆ ಗಂಡನೊಬ್ಬನ ಹೆಸರಿನಲ್ಲಿದ್ದರೂ ಅಲ್ಲಿ ಸಂಸಾರ ಮಾಡುತ್ತಿರುವ ಹೆಂಡತಿಗೆ ನೋಟಿಸ್ ಪಡೆಯುವ, ಸಾಲ ತೀರಿಸಿ ಮನೆ ಉಳಿಸಿಕೊಳ್ಳುವ ಹಕ್ಕನ್ನು ಫ್ಯಾಮಿಲಿ ಲಾ ಆ್ಯಕ್ಟ್ ಕೊಡುತ್ತದೆ. ಮನೆಯವರು ಬಿಡದಿದ್ದರೆ ಹೊರಗೆ ಕಳಿಸಲು ನ್ಯಾಯಾಲಯದ ಆದೇಶ ಬೇಕು, ಬರುವವರು ಶೆರಿಫ್. ಊರಿನಲ್ಲೂ 2002ರ ಸರ್ಫೇಸಿ ಕಾಯ್ದೆಯಂತೆ ಬ್ಯಾಂಕ್ ಮೊದಲು 60 ದಿನದ ನೋಟಿಸ್ ಕೊಡುತ್ತದೆ; ಇಲ್ಲಿಯ ಗಡುವು ಅದಕ್ಕಿಂತ ಚಿಕ್ಕದು.

ನಮಗೆ ಹತ್ತಿರದ ಕುಟುಂಬವೊಂದರ ಮನೆಯಲ್ಲಿ ಇಂಥ ಲಕೋಟೆ ಒಡೆಯದೆ ಫ್ಲೈಯರ್‌ಗಳ ಕೆಳಗೆ ಬಿದ್ದಿತ್ತು. ಕೆಲಸ ಹೋಗಿತ್ತು, ಒಡೆದು ನೋಡಲು ಧೈರ್ಯ ಬಂದಿರಲಿಲ್ಲ. ಒಂದು ರಾತ್ರಿ ಊಟವಾದ ಮೇಲೆ ಆಕೆಯೇ ತಂದು ನಮ್ಮ ಮುಂದಿಟ್ಟರು. ಒಡೆದಾಗ 12 ದಿನ ಉಳಿದಿತ್ತು. ಮೂರು ಕಂತು ಮತ್ತು ಲಾಯರ್ ಖರ್ಚು ಬಾಕಿ. ಊರಿನ ಅಣ್ಣನಿಂದ ಒಂದಿಷ್ಟು, ಇಲ್ಲಿಯ ನಾಲ್ಕು ಮನೆಗಳಿಂದ ಒಂದಿಷ್ಟು ಹೊಂದಿಸಿ, ಒಂಬತ್ತನೆಯ ದಿನ ಲಾಯರ್ ಮೂಲಕ ಕಟ್ಟಿದರು. ಈ ಸಲದ ಯುಗಾದಿ ಊಟ ಅವರ ಮನೆಯಲ್ಲೇ ಆಯಿತು.