ಕರುಳಿನ ಉರಿಯೂತ: ಔಷಧ ಪರೀಕ್ಷೆಯಿಂದ ತಿಳಿದದ್ದು

ಮಲದಲ್ಲಿ ರಕ್ತ ಕಂಡ ಕೂಡಲೇ ಮೂಲವ್ಯಾಧಿಯೆಂದು ನೀವೇ ತೀರ್ಮಾನಿಸಬೇಡಿ. ರಕ್ತ, ಲೋಳೆ ಬೆರೆತ ಭೇದಿ ವಾರಗಟ್ಟಲೆ ನಿಲ್ಲದಿದ್ದರೆ ಅದು ದೊಡ್ಡ ಕರುಳಿನ ಉರಿಯೂತ, ಅಂದರೆ ಅಲ್ಸರೇಟಿವ್ ಕೊಲೈಟಿಸ್ ಇರಬಹುದು.

ಆಕ್ಸ್‌ಫರ್ಡ್‌ನ ವೈದ್ಯರಾದ ಟ್ರೂಲವ್ ಮತ್ತು ವಿಟ್ಸ್ ಇಂಥ 210 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ವರದಿಯನ್ನು 1955ರಲ್ಲಿ ಪ್ರಕಟಿಸಿದರು. ಕಾರ್ಟಿಸೋನ್ ಪಡೆದವರಲ್ಲಿ ನೂರಕ್ಕೆ 41 ಮಂದಿಗೆ ರೋಗ ಹತೋಟಿಗೆ ಬಂತು. ಔಷಧವಿಲ್ಲದ ಹುಸಿ ಮಾತ್ರೆ ನುಂಗಿದವರಲ್ಲಿ 16 ಮಂದಿಗೆ. ಆ 16ನ್ನು ಗಮನಿಸಿ. ಈ ಕಾಯಿಲೆ ಕೆಲವರಲ್ಲಿ ಕೆಲಕಾಲ ತಾನಾಗಿಯೇ ಇಳಿಯುತ್ತದೆ. ಸಂತೆಯಲ್ಲಿ ಪುಡಿ ಮಾರುವವನಿಗೆ ಹೆಸರು ಬರುವುದೂ ಹೀಗೆಯೇ! ಕಾರ್ಟಿಸೋನ್‌ನಂಥ ಸ್ಟೀರಾಯ್ಡ್ ಮಾತ್ರೆಗಳನ್ನು ಅಂಗಡಿಯಿಂದ ತಂದು ನುಂಗುವುದೂ ಅಪಾಯ, ವೈದ್ಯರು ಕೊಟ್ಟದ್ದನ್ನು ಥಟ್ಟನೆ ನಿಲ್ಲಿಸುವುದೂ ಅಪಾಯ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆಯವರು ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ, ನಾಗಮಂಗಲದವರು ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆಗೋ ಹೋಗಿ ತೋರಿಸಬಹುದು.

ಎಲ್ಲಾದರೂ ಹೊಸ ಔಷಧದ ಪರೀಕ್ಷೆಗೆ ಸೇರುವಿರಾ ಎಂದು ಕೇಳಿದರೆ ಹೆದರಬೇಡಿ, ಅವಸರದಲ್ಲಿ ಸಹಿಯನ್ನೂ ಹಾಕಬೇಡಿ. 2009ರಿಂದ ಇಂಥ ಪರೀಕ್ಷೆಗಳನ್ನು ಭಾರತದ ಸಿಟಿಆರ್‌ಐ ದಾಖಲೆಯಲ್ಲಿ ನೋಂದಾಯಿಸುವುದು ಕಡ್ಡಾಯ. ಆ ನೋಂದಣಿ ಸಂಖ್ಯೆಯನ್ನು ಕೇಳಿ. ಒಪ್ಪಿಗೆ ಪತ್ರವನ್ನು ನಿಮಗೆ ತಿಳಿಯುವ ಭಾಷೆಯಲ್ಲೇ ಓದಿಸಿಕೊಳ್ಳಿ. ನಡುವೆ ಬಿಟ್ಟು ಬಂದರೂ ನಿಮ್ಮ ಮಾಮೂಲಿ ಚಿಕಿತ್ಸೆಯನ್ನು ಯಾರೂ ತಡೆಯುವಂತಿಲ್ಲ.